ವೆಬ್‌ಸೈಟ್ ತೆರೆದು ದಿವಂಗತನಾದ ಎಕೋ

ಸೋಮವಾರ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಎಕೋ ಬೆಂಟ್ಸಿಲ್ ಒಂದು ಭೀಷಣ ಪ್ರತಿಜ್ಞೆ ಮಾಡಿಬಿಟ್ಟ. ಇನ್ನು ಮುಂದೆ ತನ್ನ ಗಿಟಾರು ಸಾವಿನ ಮನೆಯ ಅಂಗಳ ಮೆಟ್ಟುವುದಿಲ್ಲ!

ಪ್ರತಿಜ್ಞೆಗೆ ಕಾರಣವಿತ್ತು. ನಮ್ಮೂರು ಕೇಪ್ ಕೋಸ್ಟಿನಲ್ಲಿ ಯಾರೇ ಕಣ್ಣು ಮುಚ್ಚಲಿ, ಶನಿವಾರ ಶಾಮಿಯಾನ ಏಳುತ್ತದೆ, ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ, ಅವುಗಳ ಹಿಂದೆಯೇ ಎಕೋ ಮತ್ತು ಅವನ ಆರು ಜನರ ಬ್ಯಾಂಡು ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಆಗಿತ್ತು. ಅವನ ಗಿಟಾರಿಗೆ ಜನ ಕುಣಿಯುತ್ತಿದ್ದರು, ಬೆವರು ಒರೆಸಿಕೊಂಡು ಮತ್ತೆ ಕುಣಿಯುತ್ತಿದ್ದರು. ಆದರೆ ಮೈಕು ಹಿಡಿದ ಪ್ರತಿಯೊಬ್ಬನೂ ಹೊಗಳುತ್ತಿದ್ದದ್ದು ಮಾತ್ರ ಸತ್ತವನನ್ನು. ಬದುಕಿದ್ದಾಗ ನೆಟ್ಟಗೆ ಒಂದು ಶಿಳ್ಳೆ ಹಾಕಲೂ ಬಾರದವನು ಮಹಾಪುರುಷ, ಮೂರು ಗಂಟೆ ಬೆರಳು ಸವೆಸಿದವನಿಗೆ ಒಂದು ಪೊಟ್ಟಣ ಜೊಲೊಫ್ ಅನ್ನ. ಇದು ಯಾವ ಸೀಮೆಯ ನ್ಯಾಯ?

ಈಗ ಬಿಡುಗಡೆಯ ದಾರಿಯೊಂದು ಕಂಡಿತ್ತು. ಕಡಲ ದಂಡೆಯಲ್ಲಿ ಹೊಸ ಹೋಟೆಲ್ ತೆರೆದಿದ್ದ ಮೇಡಂ ಡೆಲ್ಫಿನಾ ಅಬಾಕಾ ಪ್ರತಿ ಶನಿವಾರ ಸಂಜೆ ನುಡಿಸಲು ಒಂದು ಬ್ಯಾಂಡು ಹುಡುಕುತ್ತಿದ್ದರು. ಒಂದಿಡೀ ವರ್ಷದ ಕರಾರು! ಅವರ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡೇ ಹೆಸರು. ಒಂದು ಎಕೋನದು, ಇನ್ನೊಂದು ಅವನ ಆಜನ್ಮ ಶತ್ರು ಕೋಬಿ ಯಾಂಕಾನದು. ಈ ಯಾಂಕಾ, ಎಕೋನ ಗಿಟಾರು ಕೇಳಿದರೆ ತನ್ನ ಮನೆಯ ಮೇಕೆ ಉತ್ತರ ಕೊಡುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದವನು. ಇಬ್ಬರಲ್ಲಿ ಯಾರೆಂದು ತೀರ್ಮಾನಿಸಲು ಮೇಡಂ ಕೇಳಿದ್ದು ಒಂದೇ. ಶುಕ್ರವಾರದೊಳಗೆ ನಿಮ್ಮ ನಿಮ್ಮ ವೆಬ್‌ಸೈಟಿನ ಲಿಂಕ್ ಕಳಿಸಿ.

"ವೆಬ್‌ಸೈಟ್ ಅಂದ್ರೆ ಏನ್ ಮಹಾ" ಎಂದ ಎಕೋ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ. "ಆರು ತಂತಿ ಪಳಗಿಸಿದೋನಿಗೆ ಇನ್ನೊಂದು ವೈರು ಭಾರಾನಾ?"

ಕೊಟೊಕುರಾಬಾ ಮಾರ್ಕೆಟ್ಟಿಗೆ ಒಯ್ಯಲು ಹೊಗೆಯಾಡಿಸಿದ ಮೀನನ್ನು ಬುಟ್ಟಿಗೆ ತುಂಬಿಸುತ್ತಿದ್ದ ಹೆಂಡತಿ ಅರಾಬಾ ತಲೆ ಎತ್ತಲಿಲ್ಲ. "ಹಜಾರದ ಬಲ್ಬ್ ಹೋಗಿ ಮೂರು ತಿಂಗಳಾಯ್ತು. ಅದೂ ಒಂದ್ ವೈರೇ."

ಇಂಥ ಮಾತಿಗೆಲ್ಲ ಕಲಾವಿದ ಕುಗ್ಗುತ್ತಾನೆಯೇ? ಕುಮಾಸಿಯಲ್ಲಿ ಕಾಲೇಜು ಓದುತ್ತಿದ್ದ ಮಗಳು ಆಬಾಳಿಗೆ ಫೋನ್ ಹೋಯಿತು. ಅವಳು ಹನ್ನೊಂದು ನಿಮಿಷದ ಧ್ವನಿ ಸಂದೇಶವನ್ನೇ ಕಳಿಸಿದಳು. ಹೊಸದಾಗಿ ವೆಬ್‌ಸೈಟ್ ಮಾಡುವವರು ಅತಿಯಾಸೆ ಪಡಬಾರದಂತೆ, ಒಂದೇ ಪುಟ ಸಾಕಂತೆ. ಮೇಲೆ ಒಂದು ದೊಡ್ಡ ಫೋಟೋ ಇರಬೇಕಂತೆ, ಬಂದವರಿಗೆ ಇದು ಯಾರ ಜಾಗ ಎಂದು ಕಣ್ಣು ಮಿಟುಕಿಸುವುದರೊಳಗೆ ಗೊತ್ತಾಗಬೇಕಂತೆ. ಎರಡು ಸಾಲಲ್ಲಿ ನೀನು ಯಾರು ಅಂತ ಹೇಳು, ಸ್ವಲ್ಪ ಮನೆ ಮಂದಿಯ ವಿಷಯ ಇರಲಿ, ಜನಕ್ಕೆ ಮನುಷ್ಯ ಇಷ್ಟ, ಬರೀ ಜಾಹೀರಾತಲ್ಲ. ಮುಂದಿನ ಕಾರ್ಯಕ್ರಮದ ದಿನಾಂಕ, ಜಾಗ ಹಾಕು. ನೋಡಿದವರು ಎರಡು ಮಾತು ಬರೆಯಲು ಜಾಗ ಬಿಡು. ಫೋನ್ ನಂಬರ್ ಮರೀಬೇಡ. ಎಲ್ಲಕ್ಕಿಂತ ಮುಖ್ಯ, ಮಾಡಿ ಬಿಟ್ಟುಬಿಡಬೇಡ ಅಪ್ಪ, ಆಗಾಗ ಸರಿಪಡಿಸ್ತಾ ಇರು, ಮತ್ತೆ ಲೋಕಕ್ಕೆಲ್ಲ ಕಳಿಸೋ ಮೊದಲು ಇನ್ನೊಬ್ಬರಿಗೆ ತೋರಿಸು.

ಎಕೋ ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡ. ಕೊನೆಯ ಸಲಹೆ ಬರುವ ಹೊತ್ತಿಗೆ ಹಾಳೆ ಮುಗಿದಿತ್ತು.

ಹಾಳೆ ಹಿಡಿದು ಅವನು ನೇರ ಹೋದದ್ದು ಗೆಳೆಯ ಫೀಫೀ ಆರ್ಕಾನ ಅಂಗಡಿಗೆ. ಫೀಫೀ ಪೋಸ್ಟರ್ ಮುದ್ರಿಸುವವನು. ಊರಿನ ಗೋಡೆ, ವಿದ್ಯುತ್ ಕಂಬ, ಟ್ರೋಟ್ರೋ ವ್ಯಾನುಗಳ ಬೆನ್ನು, ಎಲ್ಲೆಲ್ಲಿ ನೋಡಿದರೂ ಅಂಟಿಕೊಂಡಿರುವ ಶ್ರದ್ಧಾಂಜಲಿ ಪೋಸ್ಟರುಗಳೆಲ್ಲ ಅವನವೇ. ಕೇಪ್ ಕೋಸ್ಟಿನಲ್ಲಿ ಅವನ ಕೈಯಲ್ಲಿ ಚೆಂದ ಆಗದೆ ಮಣ್ಣಿಗೆ ಹೋದವರಿಲ್ಲ. ವೆಬ್‌ಸೈಟೂ ಒಂದು ಪೋಸ್ಟರೇ, ಗೋಡೆ ಮಾತ್ರ ಬೇರೆ ಎಂದ ಫೀಫೀ. ಅವನ ಕಂಪ್ಯೂಟರಿನಲ್ಲಿ ತಯಾರಿ ಮಾದರಿಗಳು ನೂರಾರು ಇದ್ದವು. ಚಿನ್ನದ ಅಂಚಿನದು, ಮೋಡದ ಹಿನ್ನೆಲೆಯದು, ಎರಡೂ ಮೂಲೆಯಲ್ಲಿ ಬಿಳಿ ಪಾರಿವಾಳ ಹಾರುತ್ತಿರುವುದು. ಎಕೋ ಪಾರಿವಾಳದ್ದನ್ನೇ ಆರಿಸಿದ.

ಅವನಿಗೆ ಏನೂ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಪಾಪ, ಹೊಳೆಯುವುದಾದರೂ ಹೇಗೆ? ಚಿಕ್ಕಂದಿನಿಂದ ಬೀದಿ ಬೀದಿಯಲ್ಲಿ ನೋಡಿದ ಮರ್ಯಾದಸ್ಥರೆಲ್ಲ ಹೀಗೇ ಇದ್ದರು. ಗಣ್ಯ ವ್ಯಕ್ತಿ ಎಂದರೆ ಅವನ ಕಣ್ಣ ಮುಂದೆ ಬರುವ ಚಿತ್ರವೇ ಇದು, ಮೋಡದ ಮೇಲೆ ಅರ್ಧ ಎದೆ, ತುಟಿಯಲ್ಲಿ ಕಂಡೂ ಕಾಣದ ನಗು. ಆ ಗಣ್ಯರೆಲ್ಲ ತೀರಿಕೊಂಡಿದ್ದರು ಎಂಬ ಸಣ್ಣ ವ್ಯತ್ಯಾಸ ಅವನ ಗಮನಕ್ಕೆ ಬರಲಿಲ್ಲ, ಅಷ್ಟೇ.

ಮಗಳ ಹಾಳೆಯಲ್ಲಿದ್ದ ಒಂದು ಸಲಹೆಯನ್ನೂ ಅವನು ಮೀರಲಿಲ್ಲ. ದೊಡ್ಡ ಫೋಟೋ ಬಂತು, ಮದುವೆಯ ಸೂಟಿನದು. ತಲೆಬರಹಕ್ಕೆ ಫೀಫೀಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಭವ್ಯವಾಗಿದ್ದ "ಒಂದು ಮಹಾನ್ ಜೀವನದ ಸಂಭ್ರಮ" ಬಂತು. ಫೋಟೋದ ಕೆಳಗೆ ಮಾದರಿಯಲ್ಲಿ ಎರಡು ವರ್ಷಗಳಿಗೆ ಜಾಗವಿತ್ತು. ಖಾಲಿ ಬಿಟ್ಟರೆ ಅಸಹ್ಯವಲ್ಲವೇ? ಎಡಕ್ಕೆ ತಾನು ಹುಟ್ಟಿದ ವರ್ಷ ಹಾಕಿಸಿದ, ಬಲಕ್ಕೆ ವೆಬ್‌ಸೈಟ್ ಶುರುವಾದ ಈ ವರ್ಷ. ಮನೆ ಮಂದಿಯ ಪಟ್ಟಿ ಬಂತು, ಹೆಂಡತಿ ಅರಾಬಾ, ಮಗಳು ಆಬಾ, ಇಬ್ಬರು ತಮ್ಮಂದಿರು. ಮುಂದಿನ ಕಾರ್ಯಕ್ರಮ ಇನ್ನೂ ಗಟ್ಟಿಯಾಗಿರಲಿಲ್ಲ, ಆದರೆ ಆತ್ಮವಿಶ್ವಾಸಕ್ಕೆ ಏನು ಬರ? "ಈ ಶನಿವಾರ ಸಂಜೆ ಐದಕ್ಕೆ, ಕಡಲ ದಂಡೆಯ ಹೋಟೆಲಿನ ಅಂಗಳದಲ್ಲಿ. ಎಲ್ಲರೂ ಬನ್ನಿ. ಉಡುಪು ಕಪ್ಪು ಬಿಳುಪು" ಎಂದು ಬರೆಸಿದ. ಊರವರು ಸಾವಿಗೆ ಉಡುವ ಕಪ್ಪು ಬಿಳುಪೇ ಅವನ ಬ್ಯಾಂಡಿನ ಸಮವಸ್ತ್ರ. ಬಂದವರೂ ಹಾಗೇ ಉಟ್ಟರೆ ಫೋಟೋದಲ್ಲಿ ಎಷ್ಟು ಚೆನ್ನ!

ಬುಧವಾರ ಬೆಳಗ್ಗೆ ಹತ್ತಕ್ಕೆ, "ಇನ್ನು ಮೇಲೆ ನಾನು ಇಲ್ಲೇ ಸಿಗುತ್ತೇನೆ" ಎಂಬ ಒಕ್ಕಣೆಯೊಂದಿಗೆ ಲಿಂಕನ್ನು ಮೇಡಂ ಅಬಾಕಾಗೆ ಕಳಿಸಿದ. ಅದೇ ಉತ್ಸಾಹದಲ್ಲಿ ಫೋನಿನಲ್ಲಿದ್ದ ನಾನೂರ ಹನ್ನೆರಡು ಜನಕ್ಕೂ ಕಳಿಸಿದ. ಕಳಿಸಿ ಹತ್ತು ನಿಮಿಷಕ್ಕೆ ಫೋನಿನ ಬ್ಯಾಟರಿ ಮುಗಿಯಿತು, ಚಾರ್ಜಿಗೆ ಹಾಕೋಣವೆಂದರೆ ಕರೆಂಟು ಹೋಯಿತು. ಎಕೋ ಹಾಯಾಗಿ ಮಲಗಿದ.

ಮಧ್ಯಾಹ್ನ ಅವನನ್ನು ಎಬ್ಬಿಸಿದ್ದು ಅರಾಬಾ. ಮಾರ್ಕೆಟ್ಟಿನಿಂದ ಮೀನಿನ ಬುಟ್ಟಿ ಬಿಟ್ಟು ಓಡಿ ಬಂದಿದ್ದಳು, ಹಿಂದೆ ನಾಲ್ಕು ಜನ ಹೆಂಗಸರು ಎದೆ ಬಡಿದುಕೊಂಡು ಬರುತ್ತಿದ್ದರು. ಹಾಸಿಗೆಯ ಮೇಲೆ ಎದ್ದು ಕೂತ ಗಂಡನನ್ನು ಅವಳು ಒಂದು ಕ್ಷಣ ನೋಡಿದಳು, ಕೈಯಲ್ಲಿದ್ದ ಫೋನನ್ನು ನೋಡಿದಳು. ಅವಳ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

"ಶನಿವಾರ ನಿನ್ನ ಹೂಳೋದಂತೆ" ಎಂದಳು. "ನಂಗೂ ಒಂದ್ ಮಾತು ಹೇಳಬಾರದಿತ್ತಾ?"

ಎಕೋ ಫೋನ್ ಇಸಿದುಕೊಂಡು ನೋಡಿದ. ಮೋಡ. ಪಾರಿವಾಳ. ಎರಡು ವರ್ಷಗಳ ನಡುವೆ ಒಂದು ಗಿಡ್ಡ ಗೆರೆ. ಈಗ ಹೊಳೆಯಿತು! ಅತ್ತ ಹೆಂಗಸರು, ಸತ್ತವನು ಎದ್ದು ಕೂತದ್ದಕ್ಕೆ ಅಳುವುದೋ ನಿಲ್ಲಿಸುವುದೋ ತಿಳಿಯದೆ, ಇಷ್ಟು ದೂರ ಬಂದ ಮೇಲೆ ಎಂದು ಇನ್ನೊಂದು ಸುತ್ತು ಅತ್ತು, ಮೀನಿನ ವ್ಯಾಪಾರಕ್ಕೆ ಹೊರಟುಹೋದರು. ಅರಾಬಾಳ ಫೋನಿಗೆ ಕರೆ ಮಾಡಿದ ಆಬಾ ಮೊದಲು ಅತ್ತಳು, ಅಪ್ಪನ ದನಿ ಕೇಳಿ ನಕ್ಕಳು, ಆಮೇಲೆ ತನ್ನ ಸಲಹೆಗಳಲ್ಲಿ ಪಾರಿವಾಳ ಎಲ್ಲಿತ್ತು ಎಂದು ವಿಚಾರಣೆ ನಡೆಸಿದಳು.

ಫೀಫೀಗೆ ಹೇಳಿ ಈಗಿಂದೀಗಲೇ ತೆಗೆಸಿಬಿಡೋಣ ಎಂದು ಎಕೋ ಚಪ್ಪಲಿ ಮೆಟ್ಟಿದ. ಬಾಗಿಲು ತೆರೆದರೆ ಎದುರಿಗೆ ಸೋದರಮಾವ ನಾನಾ ಎಸ್ಸುಮಾನ್! ಸೂತಕದ ಕಪ್ಪು ಕೆಂಪು ಬಟ್ಟೆ ಹೊದ್ದು, ಹಿಂದೆ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ನಿಂತಿದ್ದರು. ತಾಯಿಯ ಕಡೆಯ ಕುಟುಂಬಕ್ಕೆ ಯಜಮಾನರು. ನಮ್ಮಲ್ಲಿ ಹೆಣ ಹೆಂಡತಿಯದಲ್ಲ, ಮಕ್ಕಳದಲ್ಲ, ತಾಯಿಯ ಕುಟುಂಬದ್ದು. ಯಾರು ಸತ್ತರು ಎಂದು ಹೇಳುವ ಹಕ್ಕೂ ಯಜಮಾನರದೇ. ಅವರು ಹೇಳುವವರೆಗೆ ಸತ್ತವನು ಸತ್ತಿಲ್ಲ.

ನಾನಾ ಎಸ್ಸುಮಾನ್ ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಒಳಗೆ ಬಂದು ಕೂತರು. ಬಂದವರಿಗೆ ಮೊದಲು ನೀರು ಕೊಡಬೇಕು, ಕುಡಿದಾದ ಮೇಲೆ ಬಂದ ಕಾರಣ ಕೇಳಬೇಕು, ಅದಕ್ಕೂ ಮುಂಚೆ ಯಾರೂ ತುಟಿ ಬಿಚ್ಚಬಾರದು. ಹೆಣವೇ ನೀರು ತಂದರೂ ಪದ್ಧತಿ ಪದ್ಧತಿಯೇ. ಎಕೋ ಮೂವರಿಗೂ ಎರಡೂ ಕೈಯಲ್ಲಿ ನೀರು ಕೊಟ್ಟ, ಎದುರು ಕೂತ, ಗಂಟಲು ಸರಿಮಾಡಿಕೊಂಡು ಕೇಳಿದ.

"ಮಾವ, ಬಂದ ಸಮಾಚಾರ ಏನು?"

"ಕೆಟ್ಟದ್ದೇನಲ್ಲ" ಎಂದರು ಮಾವ, ಹಾಗೆ ಶುರುಮಾಡುವುದೇ ಕ್ರಮವಾದ್ದರಿಂದ. "ನೀನು ತೀರ್ಕೊಂಡೆ ಅಂತ ಸುದ್ದಿ ಬಂತು. ಅದನ್ನ ಕೇಳ್ಕೊಂಡು ಹೋಗೋಣ ಅಂತ ಬಂದ್ವಿ."

ತಾನು ಬದುಕಿದ್ದೇನೆ, ಇದು ವೆಬ್‌ಸೈಟ್, ಹೋಟೆಲಿನ ಕೆಲಸಕ್ಕೆಂದು ಮಾಡಿಸಿದ್ದು ಎಂದು ಎಕೋ ಬೆವರುತ್ತ ವಿವರಿಸಿದ. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಸತ್ತಿದೀಯೋ ಬದುಕಿದೀಯೋ ಆಮೇಲೆ ನೋಡೋಣ" ಎಂದರು. "ಮೊದಲು ಇದು ಹೇಳು. ಪಟ್ಟೀಲಿ ಮೇಲುಗಡೆ ನಿನ್ನ ಹೆಂಡ್ತಿ ಹೆಸರಿದೆ. ನಿನ್ನ ತಮ್ಮಂದಿರ ಹೆಸರಿದೆ, ಆ ಸಾಲ ತೀರಿಸದ ಎಡ್ವರ್ಡನದೂ ಇದೆ. ನನ್ ಹೆಸರೆಲ್ಲಿ?"

ಹಿರಿಯರು ಪಿಸುಪಿಸು ಮಾತಾಡಿ ಅಲ್ಲೇ ತೀರ್ಪು ಕೊಟ್ಟರು. ಯಜಮಾನರ ಹೆಸರು ಬಿಟ್ಟು ತೀರಿಕೊಂಡ ತಪ್ಪಿಗೆ ಎರಡು ಬಾಟಲಿ ಶ್ನಾಪ್ಸ್ ಮದ್ಯ ದಂಡ. ಅಲ್ಲದೆ ಇವತ್ತೇ ಪಟ್ಟಿ ಸರಿಯಾಗಬೇಕು. ಪುಟ ತೆಗೆಸುವ ಮಾತೆತ್ತಿದ್ದಕ್ಕೆ ಮಾವ, ನಾನಿಲ್ಲದ ಪಟ್ಟಿಯನ್ನು ಊರೆಲ್ಲ ನೋಡಿದೆ, ನಾನಿರುವ ಪಟ್ಟಿಯನ್ನೂ ನೋಡಲಿ, ಆಮೇಲೆ ಏನಾದರೂ ಮಾಡಿಕೋ ಎಂದರು.

ಆಗಾಗ ಸರಿಪಡಿಸ್ತಾ ಇರು ಎಂದು ಮಗಳೂ ಹೇಳಿದ್ದಳಲ್ಲ! ನಾಲ್ಕು ಗಂಟೆಗೆ ಫೀಫೀಯ ಅಂಗಡಿಯಲ್ಲಿ ಪಟ್ಟಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಹೊಸ ಸಾಲು ಕೂತಿತು. ಕುಟುಂಬದ ಯಜಮಾನರು, ನಾನಾ ಎಸ್ಸುಮಾನ್. ಅಲ್ಲಿಯವರೆಗೆ ಊರಲ್ಲಿ ಅರ್ಧ ಜನಕ್ಕೆ ಅನುಮಾನವಿತ್ತು, ಯಾರೋ ತಮಾಷೆ ಮಾಡಿರಬೇಕು ಎಂದುಕೊಂಡಿದ್ದರು. ಯಜಮಾನರ ಹೆಸರು ಬಿದ್ದ ಮೇಲೆ ಅನುಮಾನಕ್ಕೆ ಎಡೆ ಎಲ್ಲಿ? ಸಾವು ಈಗ ಅಧಿಕೃತವಾಯಿತು. ಆರು ಗಂಟೆಯ ಸಾವಿನ ಸುದ್ದಿಯಲ್ಲಿ ಊರಿನ ಎಫ್‌ಎಂನವರು ಅದನ್ನು ಓದಿಯೂಬಿಟ್ಟರು.

ಇಷ್ಟಾದರೂ ಕಾಲ ಮಿಂಚಿರಲಿಲ್ಲ, ಅದನ್ನು ನೆನಪಿಡಿ. ಮೇಡಂ ಅಬಾಕಾಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಕರೆಂಟು ಬಂದಿತ್ತು, ಫೋನಿಗೆ ಜೀವ ಬಂದಿತ್ತು. ಆದರೆ ಫೋನ್ ಕೈಗೆತ್ತಿಕೊಂಡ ಎಕೋನ ಬೆರಳು, ನೋಡಿದವರು ಎರಡು ಮಾತು ಬರೆಯಲೆಂದು ಬಿಟ್ಟಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಇನ್ನೂರ ಮೂವತ್ತು ಸಂದೇಶಗಳು ಬಂದು ಕೂತಿದ್ದವು!

ಅವನ ಗಿಟಾರಿಲ್ಲದೆ ಶನಿವಾರಗಳು ಮೂಕವಾದವು ಎಂದು ಒಬ್ಬರು ಬರೆದಿದ್ದರು. ಅವನು ನುಡಿಸಿದ ಅಜ್ಜಿಯ ಅಂತ್ಯಕ್ರಿಯೆ ನಮ್ಮ ಮನೆಯಲ್ಲಿ ನಡೆದ ಅತ್ಯಂತ ಸಂತೋಷದ ದಿನ ಎಂದು ಇನ್ನೊಬ್ಬರು. ಅವನನ್ನು ಗಾಯನ ವೃಂದದಿಂದ ಎರಡು ಸಲ ಹೊರಗೆ ಹಾಕಿದ್ದ ಪಾದ್ರಿಗಳು, ಅವನ ಮೆಲುದನಿಯನ್ನು ಎಂದೂ ಮರೆಯೆವು ಎಂದಿದ್ದರು. ಎಕೋನ ಕಣ್ಣು ತೇವವಾಯಿತು. ಓದುತ್ತಾ ಓದುತ್ತಾ ಕೆಳಗೆ ಬಂದವನು ಒಂದು ಹೆಸರಿನ ಮುಂದೆ ನಿಂತುಬಿಟ್ಟ. ಕೋಬಿ ಯಾಂಕಾ!

"ಈ ಕಡಲ ದಂಡೆಯಲ್ಲಿ ಅಂಥ ಬೆರಳು ಇನ್ನು ಹುಟ್ಟುವುದಿಲ್ಲ. ನಾನು ನುಡಿಸಿದ್ದೆಲ್ಲ ಅವನಿಂದ ಕದ್ದು ಕಲಿತದ್ದು."

ಎಕೋ ಅದನ್ನು ಐದು ಸಲ ಓದಿದ. ಆಮೇಲೆ ಅರಾಬಾಳಿಗೆ ಕೊಟ್ಟು ಗಟ್ಟಿಯಾಗಿ ಓದೆಂದ. ಅವಳು ಓದಿದಳು. ಇನ್ನೊಂದ್ಸಲ, ಸ್ವಲ್ಪ ನಿಧಾನವಾಗಿ ಎಂದ.

"ಮೊದಲು ಆ ಹೋಟೆಲಿನ ಮೇಡಂಗೆ ಫೋನ್ ಮಾಡು" ಎಂದಳು ಅರಾಬಾ. "ಆರು ಜನ ನಿನ್ನ ನಂಬ್ಕೊಂಡು ಕೂತಿದಾರೆ. ಡ್ರಮ್ಮಿನೋನ ಹೆಂಡ್ತಿ ಆಗ್ಲೇ ಎರಡು ಸಲ ಬಂದು ಹೋದ್ಲು."

"ಬೆಳಗ್ಗೆ ಮಾಡ್ತೀನಿ."

"ಈಗ ಯಾಕಾಗಲ್ಲ?"

"ಇನ್ನೂ ಬರ್ತಾ ಇವೆ ಕಣೆ, ನೋಡು" ಎಂದ ಎಕೋ, ತೆರೆಯಿಂದ ಕಣ್ಣು ಕೀಳದೆ. "ಈಗ ಬದುಕಿದೀನಿ ಅಂದ್ರೆ ಎಲ್ಲಾ ನಿಲ್ಲಿಸಿಬಿಡ್ತಾರೆ."

ಇಪ್ಪತ್ತೆರಡು ವರ್ಷ ಬೇರೆಯವರ ಶಾಮಿಯಾನದಲ್ಲಿ ಕೂತು ಕೇಳಿದ್ದ ಹೊಗಳಿಕೆ ಮೊದಲ ಸಲ ತನ್ನ ಕಡೆ ಹರಿದು ಬರುತ್ತಿರುವಾಗ ನಲ್ಲಿ ಮುಚ್ಚುವವರುಂಟೇ? ನೀವಾದರೂ ಮುಚ್ಚುತ್ತಿದ್ದಿರಾ?

ಗುರುವಾರ ಬೆಳಗ್ಗೆ ಫೋನು ಬಂತು, ಅರಾಬಾಳಿಗೆ. ಮೇಡಂ ಅಬಾಕಾ ತುಂಬಾ ಹೊತ್ತು ಸಮಾಧಾನ ಹೇಳಿದರು. ಕರಾರನ್ನು ಎಕೋಗೇ ಕೊಡಬೇಕೆಂದು ತಾನು ಲಿಂಕ್ ಬರುವ ಮೊದಲೇ, ಮಂಗಳವಾರವೇ ಮನಸ್ಸು ಮಾಡಿದ್ದೆ, ವಿಧಿ ಹೀಗೆ ಮಾಡಿತು ಎಂದರು. ನಿನ್ನೆ ಸಂಜೆ ಯಾಂಕಾ ಬಂದು ಮೇಜಿನ ಮೇಲೆ ತಲೆಯಿಟ್ಟು ಅತ್ತನಂತೆ, ಗೆಳೆಯನ ಜಾಗ ಖಾಲಿ ಇರುವುದನ್ನು ನೋಡಲಾರೆ ಎಂದನಂತೆ. ಕಲ್ಲು ಹೃದಯವೂ ಕರಗಬೇಕು. ಅಲ್ಲೇ ಸಹಿ ಹಾಕಿಕೊಟ್ಟರಂತೆ, ಒಂದು ವರ್ಷಕ್ಕೆ.

ಎಕೋ ಫೋನ್ ಕಿತ್ತುಕೊಂಡ. ಮೇಡಂ, ನಾನೇ, ಎಕೋ, ಬದುಕಿದೀನಿ ಎಂದ. ಮೇಡಂ ಮೃದುವಾಗಿ, ನೀವು ತಮ್ಮನಿರಬೇಕು, ದನಿ ಥೇಟ್ ಅಣ್ಣನದೇ, ಧೈರ್ಯ ತಗೊಳ್ಳಿ ಎಂದು ಇಟ್ಟುಬಿಟ್ಟರು.

ಅರ್ಧ ಗಂಟೆಯಲ್ಲಿ ಎಕೋ ಮತ್ತು ಅರಾಬಾ ಹೋಟೆಲಿನಲ್ಲಿದ್ದರು. ಅವನನ್ನು ಕಂಡ ಮೇಡಂ ಮೆಲ್ಲಗೆ ಕುರ್ಚಿಗೆ ಕುಸಿದು ನೀರು ತರಿಸಿಕೊಂಡರು. ಕಥೆಯೆಲ್ಲ ಕೇಳಿದರು. ವ್ಯವಹಾರಸ್ಥ ಹೆಂಗಸು, ಬೇಗ ಚೇತರಿಸಿಕೊಂಡರು. ಅಂಗಳದ ಕಡೆ ಕೈ ತೋರಿಸಿದರು. ಅಲ್ಲಿ ಇಬ್ಬರು ಏಣಿ ಹತ್ತಿ ಬ್ಯಾನರ್ ಕಟ್ಟುತ್ತಿದ್ದರು. ಫೀಫೀಯ ಕೈಚಳಕ, ಅದೇ ಮೋಡ, ಅದೇ ಪಾರಿವಾಳ. "ಎಕೋ ಬೆಂಟ್ಸಿಲ್ ಸ್ಮರಣಾರ್ಥ ಸಂಗೀತ ಸಂಜೆ." ನಿನ್ನೆ ಪಟ್ಟಿ ತಿದ್ದಿ ಎಕೋನಿಂದ ಕಾಸು ತೆಗೆದುಕೊಳ್ಳುವಾಗ ಫೀಫೀ ಈ ಬ್ಯಾನರಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ಶನಿವಾರ ಇಲ್ಲೇ ಅಂತ ನಿಮ್ ಪುಟದಲ್ಲಿತ್ತಲ್ಲ, ನಿನ್ನೆ ಮಧ್ಯಾಹ್ನದಿಂದಲೇ ಮಾರಿದ್ವಿ, ಒಂದೂ ಟಿಕೆಟ್ ಉಳಿದಿಲ್ಲ" ಎಂದರು ಮೇಡಂ. "ಅಕ್ರಾದಿಂದ ಬಸ್ ಮಾಡ್ಕೊಂಡು ಬರ್ತಿದಾರೆ. ನೀವು ಬದುಕಿರೋದು ನಂಗೆ ನಿಜವಾಗ್ಲೂ ಸಂತೋಷ, ಆದ್ರೆ ಇದನ್ನೀಗ ನಿಲ್ಲಿಸೋಕಾಗಲ್ಲ."

"ನನ್ ಬ್ಯಾಂಡು ಮೇಡಂ? ಆರು ಜನ ಇದಾರೆ."

ಕರಾರು ಯಾಂಕಾನದೇ, ಸಹಿ ಬಿದ್ದಾಗಿದೆ ಎಂದರು ಮೇಡಂ. ಆದರೆ ಈ ಶನಿವಾರದ ಮಟ್ಟಿಗೆ ಎರಡೂ ಬ್ಯಾಂಡು ಸೇರಿ ನುಡಿಸಬಹುದು, ಎಕೋ ಎರಡನೇ ಗಿಟಾರು. ಎಕೋ ಏನೋ ಹೇಳಲು ಬಾಯಿ ತೆರೆದ, ಅರಾಬಾ ಅವನ ಕಾಲು ತುಳಿದಳು. ಒಪ್ಪಿದ.

ಶನಿವಾರ ಸಂಜೆ ಹೋಟೆಲಿನ ಅಂಗಳದಲ್ಲಿ ಕಪ್ಪು ಬಿಳುಪಿನ ಸಮುದ್ರ. ಮೊದಲ ಸಾಲಿನಲ್ಲಿ ನಾನಾ ಎಸ್ಸುಮಾನ್, ಪಕ್ಕದಲ್ಲಿ ಹಿರಿಯರು. ಸತ್ತವನೇ ಗಿಟಾರು ಹಿಡಿದು ವೇದಿಕೆ ಹತ್ತಿದಾಗ ಎರಡು ಸಾಲು ಜನ ಎದ್ದು ಓಡಿದರು, ನಿಜ. ಟಿಕೆಟ್ಟಿನ ನೆನಪಾಗಿ ವಾಪಸ್ ಬಂದರು. ಯಾಂಕಾ ಅವನನ್ನು ನೋಡಿದ ನೋಟದಲ್ಲಿ ತಾನು ಬರೆದದ್ದನ್ನು ಅಳಿಸುವುದು ಹೇಗೆ ಎಂಬ ಒಂದೇ ಪ್ರಶ್ನೆ ಇತ್ತು. ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಿದರು. ಏನು ಮಾಡಬೇಕೆಂದು ತೋಚದೆ ಎಕೋನೂ ತಲೆ ತಗ್ಗಿಸಿ ತನಗೆ ತಾನೇ ಶ್ರದ್ಧಾಂಜಲಿ ಸಲ್ಲಿಸಿಕೊಂಡ.

ಆಮೇಲೆ ನುಡಿಸಿದ ನೋಡಿ! ಎರಡನೇ ಗಿಟಾರು ಎಂದು ಕೂತವನು ಮೂರನೇ ಹಾಡಿಗೆ ಮೊದಲನೆಯವನಾಗಿದ್ದ. ಹಳೆಯ ಹೈಲೈಫ್ ಹಾಡುಗಳು ಒಂದರ ಹಿಂದೊಂದು ಬಂದವು. ಅಕ್ರಾದವರು ಕುಣಿದರು, ಪಾದ್ರಿಗಳು ಕುಣಿದರು, ಮೀನು ಮಾರುವ ನಾಲ್ಕು ಹೆಂಗಸರು ಕೈಯಲ್ಲಿದ್ದ ಬಿಳಿ ಕರವಸ್ತ್ರಗಳನ್ನು ತಲೆಯ ಮೇಲೆ ತಿರುಗಿಸಿದರು. ಯಾಂಕಾನ ಕಾಲೂ ಅವನ ಮಾತು ಕೇಳದೆ ತಾಳ ಹಾಕಿತು.

ಕಾರ್ಯಕ್ರಮ ಮುಗಿದಾಗ ಮೇಡಂ ಅಬಾಕಾ ಹೊಳೆಯುವ ಮುಖ ಹೊತ್ತು ಬಂದರು. ಇಂಥ ಸಂಜೆಯನ್ನು ತಾನು ಕಂಡೇ ಇಲ್ಲ, ಕರಾರು ಯಾಂಕಾನದಾದರೂ ಮುಂದಿನ ವರ್ಷ ಇದೇ ದಿನಕ್ಕೆ ದೊಡ್ಡದಾಗಿ ಮಾಡಬೇಕು, ಅವತ್ತು ಬೆಂಟ್ಸಿಲ್ ಬ್ಯಾಂಡು ಮಾತ್ರ, ಬೇರೆ ಯಾರೂ ಇಲ್ಲ ಎಂದರು. ಎಕೋ ಎದೆಯುಬ್ಬಿಸಿ ಮುಂದೆ ಬಂದ. ಮೇಡಂ ಅವನನ್ನು ಸುತ್ತಿ ಹಾಯ್ದು ನಾನಾ ಎಸ್ಸುಮಾನ್ ಅವರ ಮುಂದೆ ಮಂಡಿ ಬಾಗಿಸಿದರು.

"ಯಜಮಾನರೇ, ಮೊದಲನೇ ವರ್ಷದ ಪುಣ್ಯತಿಥಿಗೆ ನಿಮ್ ಕುಟುಂಬದ ಒಪ್ಪಿಗೆ ಬೇಕು."

"ಮೇಡಂ, ಒಂದ್ ನಿಮಿಷ" ಎಂದ ಎಕೋ. "ಪುಣ್ಯತಿಥಿ ಅಂದ್ರೆ ಹೇಗೆ, ನನ್ನ ಒಂದ್ ಮಾತು ಕೇಳಬೇಡ್ವಾ?"

ನಾನಾ ಎಸ್ಸುಮಾನ್ ಕೈ ಎತ್ತಿ ಅವನನ್ನು ತಡೆದರು. ಮೇಡಂ ತಂದಿದ್ದ ಶ್ನಾಪ್ಸ್ ಬಾಟಲಿಯನ್ನು ಹಿರಿಯರ ಕೈಗೆ ದಾಟಿಸಿ, ಒಪ್ಪಿಗೆ ಎಂದು ತಲೆ ಆಡಿಸಿ, ಅಳಿಯನ ಕಡೆ ತಿರುಗಿದರು.

"ನೀನು ಸುಮ್ನಿರಪ್ಪ. ತೀರ್ಕೊಂಡೋರನ್ನ ಕೇಳಿ ಮಾಡೋ ಪದ್ಧತಿ ನಮ್ಮಲ್ಲಿಲ್ಲ."